ಶನಿವಾರದ ವಾಸನೆ

ನಾರಪ್ಪ ಕ್ವಾರ್ಟರ್ ಬಾಟ್ಲಿಯ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುವುತ್ತಿದ್ದ. ಅಂಗಳದಲ್ಲಿ ಅಣ್ಣ ಓಬುಳೇಶನ ಹೆಣಕ್ಕೆ ನೀರು ಹುಯ್ದು, ಅರಿಶಿನ ಹಚ್ಚಿ ಮಲಗಿಸಿದ್ದರು. ಮಣ್ಣಿಗೆ ಹೊರಡುವ ಮುಂಚೆ ಬಾಯಿಗೆ ಎರಡು ತೊಟ್ಟು ಬಿಡಬೇಕು. ಸತ್ತವರಿಗೆ ಇಷ್ಟವಾದದ್ದು ಕೊಟ್ಟು ಕಳಿಸುವುದು ಕಲ್ಯಾಣದುರ್ಗದ ಆ ಕೇರಿಯ ವಾಡಿಕೆ.

"ವದಿನಾ, ಬಾಯಿಗೆ ಬಿಡು ಅಂತ ನೀನೂ ಒಂದ್ ಮಾತು ಹೇಳು. ಬದುಕಿದ್ದಾಗ ಬೈದಿದ್ದು ಸಾಕು."

ಅತ್ತಿಗೆ ಕೊಂಡಮ್ಮ ಗಂಡನ ತಲೆದೆಸೆಯಲ್ಲಿ ಕೂತಿದ್ದಳು. ಗಂಡ ಕುಡುಕನೆಂದು ಊರಿಗೆ ಮೊದಲು ಹೇಳಿದವಳೇ ಅವಳು.

* * *

ಹಿಂದೂಪುರದ ಔಷಧಿ ಫ್ಯಾಕ್ಟರಿಯಿಂದ ಶನಿವಾರ ಸಂಜೆ ಬಸ್ಸಿಳಿದು ಬರುತ್ತಿದ್ದ ಓಬುಳೇಶನಿಗಿಂತ ಮುಂಚೆ ಅವನ ವಾಸನೆ ಹೊಸಿಲು ದಾಟುತ್ತಿತ್ತು. ಹುಳಿ ಹೆಂಡದ ವಾಸನೆ.

"ಕುಡ್ದಿಲ್ಲ ಕಣೇ, ಈಸ್ಟು. ಆ ಪುಡೀನ ದೊಡ್ಡ ಹಂಡೇಲಿ ನೀರಾಕಿ ಬೆಚ್ಚಗಿಟ್ರೆ ಉಸಿರಾಡ್ತದೆ, ಮಲಗಿರೋ ಮಗು ಹೊಟ್ಟೆ ಹಂಗೆ. ಅದ್ರೊಳಗೆ ಎಂಜೈಮು ಅಂತ ಐತೆ. ಮುಂಚೆ ಆಸಿಡ್ಡಲ್ಲಿ ಕುದಿಸಿ ಮಾಡ್ತಿದ್ದ ಮಾತ್ರೆ ಸರಕನ್ನ ಅದು ಮೈಬಿಸೀಲೇ ಮಾಡ್ತದೆ. ಸದ್ದಿಲ್ಲ, ಹೊಗೆಯಿಲ್ಲ."

"ಪುಡಿ ಉಸಿರಾಡ್ತದಂತೆ! ಬಾಟ್ಲಿ ಆಡ್ಸೋ ಮಾತಿದು. ಜಗಲೀಲಿ ಬಿದ್ಕೋ ಹೋಗಯ್ಯ."

ಅವನು ನಕ್ಕು ಕಂಬಳಿ ಎತ್ತಿಕೊಳ್ಳುತ್ತಿದ್ದ. ಕದದಾಚೆಯಿಂದಲೂ ಹೇಳುತ್ತಲೇ ಇರುತ್ತಿದ್ದ: ನೊರೆ ಏರುವುದು, ಗುಳ್ಳೆ ಒಡೆಯುವುದು, ಹಂಡೆಗೆ ಕೈಯಿಟ್ಟರೆ ಜೀವ ತಾಕಿದಂತಾಗುವುದು. ಕೇಳುತ್ತ ಕೇಳುತ್ತ ಕೊಂಡಮ್ಮನಿಗೆ ನಿದ್ದೆ ಹತ್ತುತ್ತಿತ್ತು. ಕನಸಲ್ಲಿ ಮನೆಯೇ ಮೆಲ್ಲಗೆ ಉಬ್ಬಿ, ಮೆಲ್ಲಗೆ ಇಳಿಯುತ್ತಿತ್ತು. ಬೆಳಗ್ಗೆ ನಲ್ಲಿಯ ಹತ್ತಿರ, "ನಮ್ಮೋನು ಕುಡ್ದು ರಾತ್ರಿಯೆಲ್ಲ ಬಡಬಡಿಸ್ದ" ಅನ್ನುತ್ತಿದ್ದಳು.

* * *

ಚಟ್ಟ ಕಟ್ಟುವ ಹೊತ್ತಿಗೆ, ಓಬುಳೇಶನ ಜತೆ ದುಡಿಯುತ್ತಿದ್ದ ಅರುಣ್ ಕುಮಾರ್ ಬಂದ. ಪಾಳಿ ಮುಗಿಸಿ ಹಾಗೆಯೇ ಬಸ್ಸು ಹತ್ತಿದ್ದ. ಹಾರ ಹಾಕಲು ಬಗ್ಗಿದಾಗ ಆ ವಾಸನೆ ಕೊಂಡಮ್ಮನಿಗೆ ಬಡಿಯಿತು. ಶನಿವಾರವೇ ಬಾಗಿಲಿಗೆ ಬಂದಂತೆ ಬೆಚ್ಚಿದಳು.

"ಸಾವಿನ ಮನೆಗೂ ಕುಡ್ಕಂಡ್ ಬಂದ್ಬುಟ್ಟೆಯೇನಪ್ಪಾ?"

"ಅಯ್ಯೋ, ಇಲ್ಲಕ್ಕಾ. ಈಸ್ಟ್ ವಾಸ್ನೆ, ಸೋಪು ಹಾಕಿದ್ರೂ ಹೋಗಲ್ಲ." ಅರುಣ್ ಕುಮಾರನ ಕಣ್ಣು ಬಾಟ್ಲಿಯ ಮೇಲೆ ಬಿತ್ತು. "ಇದ್ಯಾರಿಗೆ? ಓಬುಳೇಶಣ್ಣನಿಗಾ? ಅವ್ನೆಲ್ಲಿ ಮುಟ್ತಿದ್ದ! ನಾವು ಪಾರ್ಟಿ ಮಾಡಿದ್ರೆ ಅವ್ನಿಗೆ ಮಜ್ಜಿಗೆ ತರಿಸ್ಬೇಕಿತ್ತು. ಮಜ್ಜಿಗೆ ಓಬುಳು ಅಂತಲೇ ಆಡ್ಕಂತಿದ್ವಿ."

ಯಾರಿಗೋ ನಗು ಬಂದು, ನುಂಗಿಕೊಂಡರು. ನಾರಪ್ಪ ಬಾಟ್ಲಿ ಹಿಡಿದೇ ನಿಂತ.

"ಬಿಡ್ಲೋ, ಬ್ಯಾಡ್ವೋ? ಹೇಳು ವದಿನಾ, ಹೊತ್ತಾಯ್ತು."

ಅಂಗಳವೆಲ್ಲ ಅವಳತ್ತ ನೋಡಿತು.

"ಚೆಲ್ಲು," ಅಂದಳು ಕೊಂಡಮ್ಮ, ಬೀದಿಗೆ ಕೇಳುವಂತೆ. "ನನ್ ಗಂಡ ಕುಡೀತಿರ್ಲಿಲ್ಲ."

ಆಮೇಲೆ ಬಗ್ಗಿ ಓಬುಳೇಶನ ಕತ್ತಿನ ಸಂದಿಗೆ ಮೂಗಿಟ್ಟಳು. ಕೂದಲಲ್ಲಿ ಹುಡುಕಿದಳು. ಅಂಗೈ ಬಿಡಿಸಿ, ಬೆರಳ ಸಂದುಗಳನ್ನು ಒಂದೊಂದಾಗಿ ಮೂಸಿದಳು. ಚೆನ್ನಾಗಿ ತೊಳೆದಿದ್ದರು. ಎಲ್ಲೆಲ್ಲೂ ಬರೀ ಅರಿಶಿನ.