ಬಲಗೈ ಬಿಟ್ಟು

ಮಗಳಿಗೆ ಹೊಡೆಯುವುದರಲ್ಲೂ ಭೀಮಾಶಂಕರನಿಗೆ ಒಂದು ಕಟ್ಟುನಿಟ್ಟಿತ್ತು. ಬೆನ್ನು, ಸೊಂಟ, ತೊಡೆಯ ಮೇಲ್ಭಾಗ, ಹೀಗೆ ಆಟದ ಬಟ್ಟೆ ಮುಚ್ಚುವ ಜಾಗಕ್ಕೆ ಮಾತ್ರ. ಬಲಗೈ ಮುಟ್ಟುತ್ತಿರಲಿಲ್ಲ. ಆ ಕೈಗಾಗಿಯೇ ಅವನು ಸನತ್‌ನಗರದ ಕಾರ್ಖಾನೆ ಕೆಲಸ ಬಿಟ್ಟು ಅವಳಿಗೆ ಕೋಚ್ ಆಗಿದ್ದ.

ಶಿವಗಂಗಾ ಈಗ ವೃತ್ತಿಪರ ಟೆನಿಸ್ ಆಟಗಾರ್ತಿ, ಇಪ್ಪತ್ತೊಂದರ ಹುಡುಗಿ. ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ಅವಳ ಬೆನ್ನಿಗೆ ಮುಲಾಮು ಹಚ್ಚುವಾಗೆಲ್ಲ ತಾಯಿ ಸುಮಂಗಲಾ, ಕೈಯಂತೂ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಕೈ ಉಳಿದರೆ ಮಗಳು ಒಂದಲ್ಲ ಒಂದು ದಿನ ದೂರದ ಟೂರ್ನಿಗಳಿಗೆ ಹೋಗಿ ಈ ಮನೆಯಿಂದ ಪಾರಾಗುತ್ತಾಳೆ.

ಹೊರಗೆ ಅವರು ಮೂವರೂ ತೆಲುಗು, ಹಿಂದಿ ಮಾತಾಡುತ್ತಿದ್ದರು. ಬೆದರಿಕೆ ಮಾತ್ರ ರಾಯಚೂರು ಕಡೆಯ ಕನ್ನಡದಲ್ಲಿ. ಹೈದರಾಬಾದಿನ ಟೆನಿಸ್ ಕೋರ್ಟುಗಳಲ್ಲಿ ಅದು ಯಾರಿಗೂ ತಿಳಿಯದು ಎಂದು ಭೀಮಾಶಂಕರ ನಂಬಿದ್ದ.

ಅಂದಿನ ಸೆಮಿಫೈನಲ್‌ನಲ್ಲಿ ಶಿವಗಂಗಾ ಮೊದಲ ಸೆಟ್ ಗೆದ್ದು ಎರಡನೆಯದನ್ನು ಸೋತು ಬೆಂಚಿಗೆ ಬಂದು ಕೂತಳು. ಭೀಮಾಶಂಕರ ಹಿಂದಿನ ತಗ್ಗು ಬೇಲಿಯ ಮೇಲೆ ಬಾಗಿದ. ಮುಖದ ತುಂಬ ನಗು. ದೂರದಿಂದ ನೋಡಿದವರಿಗೆ ಧೈರ್ಯ ಹೇಳುತ್ತಿದ್ದಾನೆ ಅನ್ನಿಸಬೇಕು.

“ನಿಮ್ಮವ್ವನಂಗ ರೊಟ್ಟಿ ಬಡಿಯಾಕತ್ತೀಯಲ್ಲ. ಇದನ್ನ ಸೋತು ಮನಿಗೆ ಬಾ, ಆ ಬಲಗೈನ ಮುರೀತೀನಿ. ಗೆಲ್ಲಲಾರದ ಕೈ ಯಾಕ ಬೇಕು?”

ಪಕ್ಕದಲ್ಲಿದ್ದ ಸುಮಂಗಲಾ ತಿರುಗಿ ಅವನ ಮುಖ ನೋಡಿದಳು. ಬಲಗೈ ಎಂದು ಅವನು ಹಿಂದೆಂದೂ ಅಂದಿರಲಿಲ್ಲ. ಅಂದ ಹೊಡೆತವನ್ನು ಅವನು ಎಂದೂ ಬಾಕಿ ಇಟ್ಟವನಲ್ಲ.

ಎತ್ತರದ ಕುರ್ಚಿಯಲ್ಲಿ ಕೂತಿದ್ದ ಅಂಪೈರ್ ಕೋಕಿಲಾ ಬೆಳಗಿನಿಂದ ಇಂಗ್ಲಿಷಿನಲ್ಲೇ ಅಂಕ ಹೇಳುತ್ತಿದ್ದವಳು. ಈಗ ಮೈಕನ್ನು ಅಂಗೈಯಿಂದ ಮುಚ್ಚಿ ಕೆಳಗೆ ಬಾಗಿದಳು.

“ನಾನೂ ರಾಯಚೂರಿನಾಕಿ ರೀ. ನೀವು ಅಂದದ್ದೆಲ್ಲಾ ತಿಳೀತು. ಸೂಪರ್‌ವೈಸರ್‌ನ ಕರೀತೀನಿ, ಹೊರಗ ನಡೀರಿ.”

ಅವನ ನಗು ಆರಿತು. ಬೇಲಿ ಹಾರಿದವನೇ ಬೆಂಚಿನ ಮೇಲಿದ್ದ ರ‍್ಯಾಕೆಟ್ ಎತ್ತಿಕೊಂಡ. ಶಿವಗಂಗಾ ಓಡಲಿಲ್ಲ. ಮನೆಯಲ್ಲಿ ರೂಢಿಯಾದಂತೆ ಕೂತಲ್ಲೇ ಮುದುಡಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು. ಬಲಗೈ ಮೇಲಿತ್ತು.

ಸುಮಂಗಲಾ ಸೀರೆ ಹರಿದುಕೊಂಡು ಬೇಲಿ ದಾಟಿ ಮಗಳ ಮೇಲೆ ಬಿದ್ದಳು. ರ‍್ಯಾಕೆಟ್ಟಿನ ಅಂಚು ತಾಯಿಯ ಮುಂಗೈಗೆ ಬಡಿಯಿತು. ಒಳಗೆ ಎಲುಬು ಲಟಕ್ಕೆಂದಿತು. ಎರಡನೆಯ ಹೊಡೆತ ದವಡೆಗೆ ಬಿತ್ತು, ಬಾಯಿ ತುಂಬ ರಕ್ತ. ಮೂರನೆಯದಕ್ಕೆ ಎತ್ತಿದ ಕೈಯನ್ನು ಕಾವಲಿನವರು ಹಿಡಿದು ತಿರುಚಿ, ಅವನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮಂಡಿ ಊರಿದರು.

ಟೂರ್ನಿಯ ಸೂಪರ್‌ವೈಸರ್ ಓಡಿಬಂದು, ಹಿಂದೆಯೂ ಹೊಡೆದಿದ್ದಾರೆಯೇ ಎಂದು ಸುಮಂಗಲಾಳನ್ನು ಹಿಂದಿಯಲ್ಲಿ ಕೇಳಿದ. ಮಣ್ಣು ಕಚ್ಚಿದ್ದ ಬಾಯಿಂದಲೇ ಭೀಮಾಶಂಕರ ಅಂದ, “ಏ ಸುಮಂಗಲಾ, ಇವರ ಮುಂದ ಬಾಯಿ ಬಿಟ್ಟರ ಮಲಗಿದಾಗ ಸುಟ್ಟುಬಿಡ್ತೀನಿ.”

ಸುಮಂಗಲಾ ರಕ್ತ ಉಗುಳಿದಳು. ಮೊದಲು ಆ ಮಾತನ್ನೇ ಒಂದು ಶಬ್ದವೂ ಬಿಡದೆ ಹಿಂದಿಯಲ್ಲಿ ಹೇಳಿದಳು. ಆಮೇಲೆ ಮಗಳ ಒಂಬತ್ತನೆಯ ವಯಸ್ಸಿನಿಂದ ಶುರು ಮಾಡಿದಳು. ದವಡೆ ನೋವಿಗೆ ನಡುವೆ ತಡೆದಾಗ ಶಿವಗಂಗಾ ಅವಳ ಭುಜ ಹಿಡಿದುಕೊಂಡಳು.

“ಬೆಲ್ಟಿಂದೂ ಹೇಳವ್ವಾ.”