ಚಕ್ಕಳಮಕ್ಕಳ ಕೂತ ಮೇಷ್ಟ್ರು

ನನಗೆ ಡ್ರೈವಿಂಗ್ ಚೆನ್ನಾಗಿ ಬರುತ್ತದೆ ಎನ್ನುವುದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಅಪ್ಪನ ಕುರ್ಚಿ ಬಾಡಿಗೆ ಅಂಗಡಿಯ ಪಿಕಪ್ಪಿನಲ್ಲಿ ಇನ್ನೂರು ಪ್ಲಾಸ್ಟಿಕ್ ಕುರ್ಚಿ ಹೇರಿಕೊಂಡು, ಆಟೋದವರೂ ಹಿಂದೆಮುಂದೆ ನೋಡುವ ಓಣಿಗಳಲ್ಲಿ ರಿವರ್ಸ್ ತೆಗೆದವಳು ನಾನು. ಮನೆಯಲ್ಲಿ ನನ್ನನ್ನು ಕರೆಯುವುದೇ ಪೈಲಟ್ಟು ಎಂದು. ಇಪ್ಪತ್ತಮೂರನೇ ವಯಸ್ಸಿನಲ್ಲಿ, ಮೂರು ತಿಂಗಳು ಇದ್ದು ಬರೋಣವೆಂದು ಪರದೇಶದ ಚಿಕ್ಕಮ್ಮನ ಮನೆಗೆ ಹೊರಟಾಗ, ಲೈಸೆನ್ಸಿನ ಜೊತೆಗೆ ಹೊರದೇಶದಲ್ಲಿ ಓಡಿಸಲು ಕೊಡುವ ಪರ್ಮಿಟ್ ಪುಸ್ತಕವನ್ನೂ ಮಾಡಿಸಿಕೊಂಡಿದ್ದೆ. ಬರೀ ಜಂಬಕ್ಕೆ. ಆ ಮನೆಯಲ್ಲಿ ಚಿಕ್ಕಪ್ಪ ಇರುವಾಗ ನಾನು ಕಾರು ಮುಟ್ಟುವ ಪ್ರಸಂಗವೇ ಬರುವುದಿಲ್ಲವೆಂದು ಗೊತ್ತಿತ್ತು.

ಚಿಕ್ಕಪ್ಪ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಮೇಷ್ಟ್ರು. ಆ ಊರಿನ ಅರ್ಧ ಜನ ಮೊದಲು ಸ್ಟೀರಿಂಗ್ ಹಿಡಿದದ್ದು ಅವರ ಕಾರಿನಲ್ಲೇ. ಚಿಕ್ಕಮ್ಮನಿಗೆ ಮಾತ್ರ ಓಡಿಸಲು ಬರುವುದಿಲ್ಲ.

"ಊರಿಗೆಲ್ಲ ಕಲಿಸಿದ್ರು. ನನಗೆ ಮೂರೇ ಪಾಠ. ನಾಲ್ಕನೇದಕ್ಕೆ ಕೈ ಮುಗಿದುಬಿಟ್ರು," ಎಂದು ಚಿಕ್ಕಮ್ಮ ದೂರುತ್ತಿದ್ದರು.

"ಕೈ ಮುಗಿದಿದ್ದು ನಿನಗಲ್ಲ ಮಾರಾಯ್ತಿ, ದೇವರಿಗೆ. ಇಬ್ಬರೂ ಜೀವಂತ ಮನೆಗೆ ಬಂದ್ವಲ್ಲ ಅಂತ," ಎನ್ನುತ್ತಿದ್ದರು ಚಿಕ್ಕಪ್ಪ.

ನಾನು ಹೋದ ಹತ್ತನೇ ದಿನ, ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದ ಚಿಕ್ಕಪ್ಪ ಫಿಟ್ಸ್ ಬಂದು ಬಿದ್ದರು. ತಲೆಯೊಳಗೆ ಗಡ್ಡೆ. ಆಪರೇಷನ್ ಮಾಡಿ ಮುಕ್ಕಾಲು ಭಾಗ ತೆಗೆದರು. ಉಳಿದದ್ದಕ್ಕೆ ಮೂವತ್ತು ದಿನ ರೇಡಿಯೇಷನ್ ಕಿರಣ ಕೊಡಬೇಕು, ವಾರಕ್ಕೆ ಐದು ದಿನ, ನೀವಾಗಿ ಒಂದು ದಿನವೂ ತಪ್ಪಿಸಬೇಡಿ ಎಂದರು ಡಾಕ್ಟರು. ಇನ್ನೊಂದು ಮಾತನ್ನೂ ಹೇಳಿದರು. ಫಿಟ್ಸ್ ಯಾವಾಗ ಬೇಕಾದರೂ ಮರುಕಳಿಸಬಹುದು, ಆದ್ದರಿಂದ ಇನ್ನು ಕಾರು ಓಡಿಸುವ ಹಾಗಿಲ್ಲ. ಗಡ್ಡೆಯ ಸುದ್ದಿಗೆ ಅಲುಗಾಡದ ಚಿಕ್ಕಪ್ಪ ಈ ಮಾತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಆಸ್ಪತ್ರೆ ಐವತ್ತು ಕಿಲೋಮೀಟರ್ ದೂರ. ಬಸ್ಸಿನಲ್ಲಾದರೆ ಮೂರು ಕಡೆ ಇಳಿದು ಹತ್ತಬೇಕು. ಮೊದಲ ದಿನ ಹಾಗೇ ಹೊರಟು, ಎರಡನೇ ಬಸ್ಸಿನಲ್ಲಿ ಅವರು ವಾಂತಿ ಮಾಡಿಕೊಂಡು ತಡವಾಗಿ ತಲುಪಿದೆವು. ಚಿಕ್ಕಮ್ಮ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ವಿಭಾಗದಲ್ಲಿದ್ದರು, ಇದ್ದ ರಜೆಯೆಲ್ಲ ಆಪರೇಷನ್ನಿಗೇ ಮುಗಿದಿತ್ತು. ಹಳೆಯ ಶಿಷ್ಯರನ್ನು ಕೇಳೋಣವೆಂದರೆ ಚಿಕ್ಕಪ್ಪ ಒಪ್ಪಲಿಲ್ಲ. ಆ ಸಂಜೆ ನಾನು ಪರ್ಮಿಟ್ ಪುಸ್ತಕ ತಂದು ಊಟದ ಮೇಜಿನ ಮೇಲಿಟ್ಟೆ. ಹೊರಗಿನಿಂದ ಬಂದವರು ಮೂರು ತಿಂಗಳವರೆಗೆ ತಮ್ಮ ಊರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಅಲ್ಲಿಯ ಕಾನೂನು. ಮರುದಿನವೇ ಚಿಕ್ಕಮ್ಮ ವಿಮೆಯವರಿಗೆ ಫೋನು ಮಾಡಿ ಕಾರಿಗೆ ನನ್ನ ಹೆಸರು ಸೇರಿಸಿದರು.

ಮೇಷ್ಟ್ರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ನನ್ನ ಧೈರ್ಯವೆಲ್ಲ ಆ ಬ್ರೇಕಿನ ಮೇಲಿತ್ತು. ನಾನು ಎಡವಟ್ಟು ಮಾಡಿದರೆ ಅವರು ತುಳಿಯುತ್ತಾರಲ್ಲ. ಆದರೆ ಚಿಕ್ಕಪ್ಪ ಹತ್ತಿದವರೇ ಚಪ್ಪಲಿ ಬಿಟ್ಟು, ಊಟಕ್ಕೆ ಕೂತ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆಲ್ಟು ಬಿಗಿದುಕೊಂಡರು.

"ಕಾಲು ಕೆಳಗಿಡಿ ಚಿಕ್ಕಪ್ಪ."

"ಬ್ರೇಕ್ ತುಳಿಯೋದೂ ಡ್ರೈವಿಂಗೇ. ಡಾಕ್ಟರು ಬೇಡ ಅಂದಿದಾರೆ. ನಡಿ ಪೈಲಟ್ಟು."

ಪೈಲಟ್ಟಿನ ಮಾನ ಗೇಟಿನಲ್ಲೇ ಹೋಯಿತು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ನಾನು ಎಡಕ್ಕೆ ಇಳಿದೆ. ಸ್ಟೀರಿಂಗ್ ಇರುವುದು ಎಡಗಡೆ, ಗೇರು ಹಾಕಲು ಹೋದ ಎಡಗೈ ಬಾಗಿಲಿಗೆ ಬಡಿಯಿತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇಂಡಿಕೇಟರು. ನಮ್ಮ ಗಾಡಿಯಲ್ಲಿ ಅದು ಬಲಗೈಗೆ ಸಿಗುತ್ತದೆ, ಇಲ್ಲಿ ಎಡಗೈಗೆ. ತಿರುವು ಬಂದಾಗಲೆಲ್ಲ ನಾನು ಬಲಗಡೆಯ ಕಡ್ಡಿ ಎಳೆಯುವುದು, ಸುಡುಬಿಸಿಲಿನಲ್ಲಿ ವೈಪರು ಕರ್ ಕರ್ ಎಂದು ಒಣಗಾಜು ಒರೆಸುವುದು. ಗಾಬರಿಯಾಗಿ ಹಾರ್ನ್ ಒತ್ತುತ್ತಿದ್ದೆ.

"ಇಲ್ಲಿ ಹಾರ್ನ್ ಮಾಡಿದ್ರೆ ಬೈದ ಹಾಗೆ," ಎಂದರು ಚಿಕ್ಕಪ್ಪ. "ಬೆಳಿಗ್ಗೆಯಿಂದ ಹನ್ನೊಂದು ಜನಕ್ಕೆ ಬೈದಿದೀಯ. ಅದರಲ್ಲಿ ಒಬ್ಬರು ಪಾದ್ರಿ."

ನಾಲ್ಕನೇ ದಿನ ದೊಡ್ಡ ವೃತ್ತದಲ್ಲಿ ಪ್ರಾಣ ಬಾಯಿಗೆ ಬಂತು. ಅಭ್ಯಾಸಬಲದಿಂದ ಉಲ್ಟಾ ದಿಕ್ಕಿನಲ್ಲಿ ನುಗ್ಗಿದೆ, ಎದುರಿಗೆ ಹಾಲಿನ ಲಾರಿ. ಒಂದು ಕ್ಷಣ, ಆ ಒಂದು ಕ್ಷಣ ನಾನು ಪಕ್ಕದ ಬ್ರೇಕಿಗಾಗಿ ಕಾದೆ. ಅದು ಬೀಳಲಿಲ್ಲ. ನಾನೇ ತುಳಿದೆ. ಲಾರಿಗೂ ನಮಗೂ ನಡುವೆ ಒಂದು ಮೊಳ ಉಳಿದು ಎಂಜಿನ್ ಸತ್ತಿತು. ಲಾರಿಯವನು ಇಳಿದು ಬಂದವನು, ತಲೆಗೆ ಪಟ್ಟಿ ಕಟ್ಟಿಕೊಂಡು ಧ್ಯಾನಕ್ಕೆ ಕೂತಂತಿದ್ದ ಚಿಕ್ಕಪ್ಪನನ್ನೂ ಸ್ಟೀರಿಂಗ್ ಅಪ್ಪಿಕೊಂಡಿದ್ದ ನನ್ನನ್ನೂ ನೋಡಿದ. ಬಾಯಿಗೆ ಬಂದ ಬೈಗುಳ ನುಂಗಿಕೊಂಡು, ಎರಡೂ ಕಡೆಯ ವಾಹನಗಳನ್ನು ಕೈಯೆತ್ತಿ ನಿಲ್ಲಿಸಿ, ನಾನು ಕಾರು ತಿರುಗಿಸುವವರೆಗೆ ಕಾದ.

ರಸ್ತೆ ಬದಿಯಲ್ಲಿ ನಿಲ್ಲಿಸಿ ನಾನು ಚಿಕ್ಕಪ್ಪನ ಮೇಲೆ ಹರಿಹಾಯ್ದೆ. "ಯಾಕೆ ತುಳೀಲಿಲ್ಲ? ಸಾಯ್ತಿದ್ವಲ್ಲ ಇಬ್ಬರೂ."

ಅವರು ತಮ್ಮ ಮಡಿಸಿದ ಕಾಲುಗಳನ್ನು ನೋಡಿಕೊಂಡು ಹೇಳಿದರು.

"ಇವತ್ತು ತುಳಿದಿದ್ರೆ ನಾಳೆಯಿಂದ ನೀನು ನನ್ನ ಕಾಲು ನಂಬ್ಕೊಂಡು ಓಡಿಸ್ತಿದ್ದೆ. ನನ್ನ ಕಾಲನ್ನ ನಾನೇ ನಂಬೋ ಹಾಗಿಲ್ಲ ಪುಟ್ಟಿ. ಕೆಳಗಿಟ್ಟಿದ್ದಾಗ ಫಿಟ್ಸ್ ಬಂದ್ರೆ, ದೊಡ್ಡ ರಸ್ತೆ ಮಧ್ಯದಲ್ಲಿ ಅದೇನು ತುಳಿಯುತ್ತೋ ಯಾರಿಗೆ ಗೊತ್ತು."

ನಾನು ಮುಖ ಒರೆಸಿಕೊಂಡು ಕಾರು ಚಾಲೂ ಮಾಡಿದೆ. ನನಗೆ ಡ್ರೈವಿಂಗ್ ಬರಲು ಶುರುವಾದದ್ದು ಅವತ್ತಿನಿಂದ.

ವೈಪರಿನ ಚಾಳಿ ಮಾತ್ರ ಹೋಗಲಿಲ್ಲ. ಬಸ್ ಡಿಪೋದ ಮುಂದಿನ ಕೂಡುರಸ್ತೆಯಲ್ಲಿ ದಿನಾ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನಾವೂ, ಬಿಳಿ ಮೀಸೆಯ ಡ್ರೈವರನ ಒಂದು ಬಸ್ಸೂ ಎದುರಾಗುತ್ತಿದ್ದೆವು. ಮೊದಮೊದಲು ಆತ ಹಣೆ ಚಚ್ಚಿಕೊಳ್ಳುತ್ತಿದ್ದ. ಎರಡನೇ ವಾರಕ್ಕೆ ಅವನಿಗೆ ಅರ್ಥವಾಗಿಹೋಯಿತು. ಬಿಸಿಲಿನಲ್ಲಿ ವೈಪರು ಆಡಿತೆಂದರೆ ಈ ಹುಡುಗಿ ತಿರುಗುತ್ತಾಳೆ. ಅಷ್ಟು ದೊಡ್ಡ ಬಸ್ಸು ನಿಲ್ಲಿಸಿ, ಹೋಗಮ್ಮ ಎನ್ನುವಂತೆ ಕೈ ಬೀಸುತ್ತಿದ್ದ. ಒಂದು ದಿನ ನಾನು ಸರಿಯಾಗಿ ಇಂಡಿಕೇಟರನ್ನೇ ಹಾಕಿದೆ. ಆತ ಬೇಕೆಂದೇ ತನ್ನ ಬಸ್ಸಿನ ವೈಪರು ಆಡಿಸಿದ. ಆಪರೇಷನ್ ಆದಮೇಲೆ ಚಿಕ್ಕಪ್ಪ ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ಹೆಸರು ಗೊತ್ತಿಲ್ಲದ ಆ ಮನುಷ್ಯನನ್ನು ನಾನು ಈಗಲೂ ನೆನೆಯುತ್ತೇನೆ.

ಅದೇ ವೈಪರಿನಿಂದ ಪೊಲೀಸರ ಕೈಗೂ ಸಿಕ್ಕಿದೆವು. ಟ್ರಾಫಿಕ್ ಪೊಲೀಸ್ ಹೆಂಗಸು ನಿಲ್ಲಿಸಿ, ನನ್ನ ಲೈಸೆನ್ಸು, ಪುಸ್ತಕ, ಪಾಸ್‌ಪೋರ್ಟಿನ ಸೀಲು ಎಲ್ಲವನ್ನೂ ಗಾಡಿಯ ಮೇಲೆ ಹರಡಿಕೊಂಡು ನೋಡಿದಳು. ಲೈಸೆನ್ಸಿನ ಫೋಟೋದಲ್ಲಿ ನಾನು ಸರಗಳ್ಳಿಯ ಹಾಗಿದ್ದೇನೆ. ಆಸ್ಪತ್ರೆಯ ಚೀಟಿ ತೋರಿಸಿದೆ. ಆಕೆ ಬೆರಳೆಣಿಸಿ ಲೆಕ್ಕ ಹಾಕಿದಳು.

"ನಿಮ್ಮ ಮೂರು ತಿಂಗಳು ಮುಗಿಯೋದು ಮುಂದಿನ ಹತ್ತೊಂಬತ್ತನೇ ತಾರೀಖು. ಇಪ್ಪತ್ತಕ್ಕೆ ಈ ಕಾರಲ್ಲಿ ಕಂಡ್ರೆ ನಾನು ಬಿಡೋದಿಲ್ಲ. ಚಿಕಿತ್ಸೆ ಯಾವಾಗ ಮುಗಿಯುತ್ತೆ?"

"ಹದಿನೇಳಕ್ಕೆ."

"ಹಾಗಾದ್ರೆ ಹುಷಾರಾಗಿ ಹೋಗಿ," ಎಂದು, ಪಕ್ಕದಲ್ಲಿ ಚಿಕ್ಕಪ್ಪ ಯಾಕೆ ಹಾಗೆ ಕಾಲು ಮಡಿಸಿ ಕೂತಿದ್ದಾರೆಂದು ಕೇಳದೆ ಕಾಗದಗಳನ್ನು ಮಡಿಸಿ ಕೊಟ್ಟಳು.

ಹದಿನೈದಕ್ಕೆ ಯಂತ್ರ ಕೆಟ್ಟಿತು. ಎರಡು ದಿನ ಕಿರಣವಿಲ್ಲ. ಹದಿನೇಳು ಎನ್ನುವುದು ಹತ್ತೊಂಬತ್ತಕ್ಕೆ ಹೋಗಿ ನಿಂತಿತು. ಚಿಕ್ಕಮ್ಮ ಒಗೆದ ಬಟ್ಟೆಯನ್ನೇ ಮತ್ತೆ ಒಗೆದರು. ಇನ್ನೊಂದು ದಿನ ಕೆಟ್ಟಿದ್ದರೆ ನನ್ನ ಪುಸ್ತಕ ರದ್ದಿಗೆ ಸಮ. ಕೆಡಲಿಲ್ಲ. ಆ ಯಂತ್ರಕ್ಕೂ ನಾನು ಋಣಿ.

ಮೂವತ್ತನೇ ದಿನ ಆಸ್ಪತ್ರೆಯವರು, ಕಿರಣ ಕೊಡುವಾಗ ತಲೆ ಅಲುಗದಂತೆ ಮುಖಕ್ಕೆ ಹಾಕುತ್ತಿದ್ದ ಜಾಲರಿಯ ಮುಖವಾಡವನ್ನು ಬೇಕಾದರೆ ಒಯ್ಯಿರಿ ಎಂದು ಕೊಟ್ಟರು. ಚಿಕ್ಕಪ್ಪ ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು.

"ಇವನೂ ನನ್ನ ಜೊತೆ ಮೂವತ್ತು ದಿನ ಕಷ್ಟಪಟ್ಟಿದಾನೆ," ಎಂದರು.

ಗಡ್ಡೆ ಸುಮ್ಮನಾಯಿತೋ ಇಲ್ಲವೋ ತಿಳಿಯಲು ಇನ್ನೂ ಎರಡು ತಿಂಗಳು ಕಾಯಬೇಕಿತ್ತು. ಸುಮ್ಮನಾಗಿದೆ ಎಂದು ಚಿಕ್ಕಮ್ಮ ಆಮೇಲೆ ಫೋನಿನಲ್ಲಿ ಹೇಳಿ ಅತ್ತರು. ಅವತ್ತು ಮಾತ್ರ ನಮಗೆ ಏನೂ ಗೊತ್ತಿರಲಿಲ್ಲ.

ಅರ್ಧ ದಾರಿ ಬಂದಿದ್ದೆವು. ಚಿಕ್ಕಪ್ಪ ಮಾತು ನಿಲ್ಲಿಸಿ ಬಹಳ ಹೊತ್ತಾಗಿದೆ ಎನ್ನಿಸಿ ತಿರುಗಿ ನೋಡಿದೆ. ತಲೆ ಕಿಟಕಿಗೆ ವಾಲಿತ್ತು, ಬಾಯಿ ತೆರೆದಿತ್ತು. ಇಷ್ಟು ದಿನ ಮಡಿಸಿಕೊಂಡೇ ಇದ್ದ ಕಾಲುಗಳು ಸಡಿಲವಾಗಿ ಕೆಳಗೆ ಜಾರಿ, ಬ್ರೇಕಿನ ಪಕ್ಕ ಬಿದ್ದಿದ್ದವು. ಕನ್ನಡಿ ನೋಡಿ, ಸರಿಯಾದ ಕೈಯಿಂದ ಸರಿಯಾದ ಇಂಡಿಕೇಟರು ಹಾಕಿ, ಬದಿಗೆ ತಂದು ನಿಲ್ಲಿಸಿ ಅವರ ಭುಜ ಅಲುಗಿಸಿದೆ.

"ಚಿಕ್ಕಪ್ಪ, ಚಿಕ್ಕಪ್ಪ."

ಅವರು ಕಣ್ಣು ಬಿಟ್ಟರು. ಕೂತ ಸೀಟು ಯಾವುದೆಂದು ತಿಳಿಯಲು ಅವರಿಗೆ ಒಂದು ಗಳಿಗೆ ಹಿಡಿಯಿತು. ಕೆಳಗಿದ್ದ ಕಾಲು ನೋಡಿ, ನಾಚಿಕೊಂಡವರಂತೆ ಮೇಲೆಳೆದುಕೊಂಡು ಮತ್ತೆ ಚಕ್ಕಳಮಕ್ಕಳ ಹಾಕಿದರು.

"ಏನಿಲ್ಲ ಕಣೆ, ನಿದ್ದೆ ಬಂದಿತ್ತು," ಎಂದರು. ಆಮೇಲೆ, ತಮಗೇ ಹೇಳಿಕೊಳ್ಳುವ ಹಾಗೆ, "ಇಪ್ಪತ್ತೆರಡು ವರ್ಷ ಆಯ್ತು ಈ ಸೀಟಲ್ಲಿ. ಒಂದು ದಿನ ಕಣ್ಣು ಮುಚ್ಚಿದವನಲ್ಲ ನಾನು."

ಯಾವ ಸರ್ಕಾರ ಕೊಟ್ಟ ಲೈಸೆನ್ಸೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ಕಾರು ಚಾಲೂ ಮಾಡಿದೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅವರು ಮತ್ತೆ ನಿದ್ದೆಹೋದರು, ಈ ಸಲ ಸಣ್ಣಗೆ ಗೊರಕೆಯೂ ಇತ್ತು, ಕಾಲು ಮಾತ್ರ ಮಡಿಸಿಯೇ ಇತ್ತು.

ಮನೆಯ ತಿರುವು ಬಂದಾಗ ಮಧ್ಯಾಹ್ನ ಎರಡು ಗಂಟೆ. ಚಿಕ್ಕಮ್ಮ ಕೆಲಸದಿಂದ ಬರಲು ಇನ್ನೂ ಒಂದು ಗಂಟೆಯಿತ್ತು, ನನ್ನ ಪುಸ್ತಕದ ಗಡುವಿಗೆ ಇನ್ನೂ ಹತ್ತು ಗಂಟೆ. ನಾನು ತಿರುಗಲಿಲ್ಲ. ಹಾರ್ನ್ ಮುಟ್ಟದೆ, ಗುಂಡಿ ತಪ್ಪಿಸುತ್ತಾ, ಅವರು ಎಚ್ಚರವಾಗುವವರೆಗೆ ಊರನ್ನು ಸುತ್ತಿದೆ.