ಟ್ಯಾಂಕಿನ ಬಾಯಿಗೆ ಅಡ್ಡ ನಿಂತವಳು

೧
ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಮಾಡಿದರೆ ನಗೆಪಾಟಲು. ಗಂಗಾವತಿಯಲ್ಲಿ ಕೂತು ಬರೆಯುವ ನಾನು ಸಮುದ್ರ ನೋಡಿದ್ದು ಒಮ್ಮೆ, ಅದೂ ಕಾರವಾರದ ಬಸ್ಸಿನ ಕಿಟಕಿಯಿಂದ. ನನ್ನ ಮಟ್ಟಿಗೆ ಟ್ಯಾಂಕರ್ ಅಂದರೆ ಬೇಸಿಗೆಯಲ್ಲಿ ಓಣಿಗೆ ನೀರು ತರುವ ಗಾಡಿ.

ಜಾಸ್ಮೀನಳಿಂದ ಶುರು ಮಾಡುತ್ತೇನೆ. ನಮ್ಮ ಓಣಿಯ ಅಕ್ಕಿ ವ್ಯಾಪಾರಿ ಮೌಲಾಹುಸೇನರ ಮಗಳು. ಎಣ್ಣೆ ಸಾಗಿಸುವ ಟ್ಯಾಂಕರ್ ಹಡಗಿನಲ್ಲಿ ಸೆಕೆಂಡ್ ಆಫೀಸರ್.

೨
ಅದೇ ಹಡಗಿನಲ್ಲಿ ಕನಕಗಿರಿಯ ಅಯ್ಯಪ್ಪನಿದ್ದ, ಪಂಪು ನೋಡಿಕೊಳ್ಳಲು. (ಒಂದೇ ಹಡಗಿನಲ್ಲಿ ಒಂದೇ ಸೀಮೆಯ ಇಬ್ಬರೇ? ಕಥೆಗಾರನ ಸೋಮಾರಿತನ ಅನ್ನಬೇಡಿ. ಅವನಿಗೆ ಆ ಕೆಲಸದ ದಾರಿ ತೋರಿಸಿದವಳೇ ಅವಳು.)

೨೦೧೬ರಲ್ಲಿ ಒಂದು ದಿನ ಖಾಲಿ ಟ್ಯಾಂಕು ತೊಳೆಯುತ್ತಿದ್ದರು. ಎಣ್ಣೆ ಖಾಲಿಯಾದ ಟ್ಯಾಂಕಿನಲ್ಲಿ ಉಸಿರಾಡುವಂಥ ಗಾಳಿ ಇರುತ್ತದೆಂಬ ಭರವಸೆಯಿಲ್ಲ. ಅದಕ್ಕೇ ನಿಯಮ: ಫ್ಯಾನು ಹಾಕಿ, ಗಾಳಿ ಅಳೆದು, ಆಮೇಲೆ ಇಳಿಯಬೇಕು. ಫ್ಯಾನು ನಿಂತರೆ ಎಲ್ಲರೂ ಮೇಲೆ.

ಫ್ಯಾನು ನಿಂತಿತು. ಎಲ್ಲರೂ ಮೇಲೆ ಬಂದರು. ತಳದಲ್ಲಿ ಬಿಟ್ಟುಬಂದ ಪಾನಾ, ಅಂದರೆ ನಟ್ಟು ಬಿಗಿಯುವ ಸ್ಪ್ಯಾನರ್, ತರಲು ಅಯ್ಯಪ್ಪ ಯಾರಿಗೂ ಹೇಳದೆ ಮತ್ತೆ ಇಳಿದ. ಏಣಿಯ ಬುಡದಲ್ಲೇ ಬಿದ್ದ.

೩
(ಇಲ್ಲಿ ಸ್ಫೋಟ ಇಟ್ಟಿದ್ದೆ. ಓದಿ ಹೇಳಿದಾಗ ಜಾಸ್ಮೀನ್ ಫೋನಿನಲ್ಲೇ ನಕ್ಕಳು. ತೆಗೆದುಹಾಕಿದೆ.)

ಅವನ ಕೋಣೆಯ ಜೊತೆಗಾರ ಜೋಯೆಲ್, ಫಿಲಿಪೈನ್ಸಿನವನು, ಓಡಿಬಂದು ಟ್ಯಾಂಕಿನ ಬಾಯಿಗೆ ಕಾಲಿಟ್ಟ. ಜಾಸ್ಮೀನ್ ಅಡ್ಡ ನಿಂತಳು. ಗಾಳಿಯ ಸಿಲಿಂಡರ್, ಮುಖವಾಡ ಹಾಕಿಕೊಂಡವರ ಹೊರತು ಯಾರೂ ಇಳಿಯುವಂತಿಲ್ಲ. ಜೋಯೆಲ್ ಅವಳನ್ನು ನೂಕಿದ, ಬೈದ, ಅತ್ತ. ಅವಳು ಅವನ ಕಾಲರ್ ಬಿಡಲಿಲ್ಲ. ಕೆಳಗೆ ಅಯ್ಯಪ್ಪನ ಕಿತ್ತಳೆ ಅಂಗಿ ಕಾಣುತ್ತಿತ್ತಂತೆ. ಮುಖವಾಡದವರು ಬಂದು ಇಳಿದು ಅವನನ್ನು ಎತ್ತಿ ತರುವಷ್ಟರಲ್ಲಿ ಉಸಿರು ನಿಂತಿತ್ತು.

೪
ಇನ್ನೊಂದು ಕರಡಿನಲ್ಲಿ ಅಯ್ಯಪ್ಪ ಕೆಮ್ಮುತ್ತಾ ಕಣ್ಣು ಬಿಡುತ್ತಾನೆ. ಓದುಗರಿಗೆ ಹಿತ. ನನಗೂ.

"ಅದನ್ನ ಅಳಸ್ರಿ ಸರ್," ಅಂದಳು ಜಾಸ್ಮೀನ್.

"ಕಥೆ ಅಲ್ಲೇನವ್ವ ಇದು?"

"ನಿಮಗ ಕಥಿ. ಅವರವ್ವ ಯಾರ ಕಡಿಯಿಂದರ ಓದಿಸ್ಕೊಂಡು ಕೇಳ್ತಾಳ. ಬರೇ ಹಾಳಿ ಮ್ಯಾಲ ಮಗ ಉಳದ್ರ ಆಕಿ ಏನ್ ಮಾಡ್ಬೇಕ್ರಿ?"

ಅಳಿಸಿದೆ.

೫
ರಜೆಯಲ್ಲಿ ಊರಿಗೆ ಬಂದ ಜಾಸ್ಮೀನ್ ಕನಕಗಿರಿಗೆ ಹೋದಳು. ಅಯ್ಯಪ್ಪನ ತಾಯಿ ಗಾಳೆಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನೀರು ಕೊಟ್ಟಳು. ಆಮೇಲೆ ಕೇಳಿದಳು.

"ಮ್ಯಾಲ ಭಾಳ ಮಂದಿ ಇದ್ರೇನು?"

"ಇದ್ವಿರಿ ಅವ್ವಾ."

"ಒಬ್ರೂ ಇಳೀಲಿಲ್ಲ?"

"ಒಬ್ಬ ಹೊಂಟಿದ್ದ. ನಾನ ಬಿಡ್ಲಿಲ್ರಿ. ಇಳದಿದ್ರ ಅವನೂ ಹೋಗ್ತಿದ್ದ."

ಗಾಳೆಮ್ಮನ ಕೈ ನಿಂತಿತು.

"ಅವಗ ತಾಯಿ ಅದಾಳೇನು?"

"ಅದಾಳ್ರಿ."

ಗಾಳೆಮ್ಮ ಮತ್ತೆ ಸುಲಿಯತೊಡಗಿದಳು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ.

೬
ಇಲ್ಲಿ ಕಥೆಗೊಂದು ಮುಕ್ತಾಯ ಬೇಕಲ್ಲ. ಮೂರು ಬರೆದಿದ್ದೆ. ಒಂದರಲ್ಲಿ ಗಾಳೆಮ್ಮ ಶಾಪ ಹಾಕುತ್ತಾಳೆ (ನಾಟಕ). ಒಂದರಲ್ಲಿ ಇಬ್ಬರೂ ತಬ್ಬಿ ಅಳುತ್ತಾರೆ (ಸಿನಿಮಾ). ನನಗೆ ಹಿಡಿಸಿದ್ದು ಮೂರನೆಯದು: ಗಾಳೆಮ್ಮ ತಲೆ ಎತ್ತದೆ "ಛಲೋ ಮಾಡಿದಿ ಬಿಡು ತಂಗಿ" ಅನ್ನುತ್ತಾಳೆ. ಅದನ್ನೇ ಜಾಸ್ಮೀನಳಿಗೆ ಓದಿ ಹೇಳಿದೆ.

"ಆಕಿ ಹಂಗ ಅಂದಿಲ್ರಿ."

"ಮತ್ತೇನಂದಳು?"

ಫೋನಿನ ಆ ತುದಿಯಲ್ಲಿ ಗಾಳಿಯ ಸದ್ದು. ಅವಳು ಮತ್ತೆ ಹಡಗು ಹತ್ತಿದ್ದಳು.

"'ಬಸ್ ಬಂತು, ಹೋಗು' ಅಂದ್ಲು. ಬಸ್ ಬಂದಿದ್ದಿಲ್ರಿ."